ಎಷ್ಟು ಬಿಟ್ಟುಕೊಟ್ಟರು?

ನಮ್ಮ ಪಕ್ಕದ ಮನೆಯ ಅಜ್ಜ ಮಿಷಿಗನ್ ಯೂನಿವರ್ಸಿಟಿಯಲ್ಲಿ ಓದಿದವರು. ಆ ಕಾಲೇಜಿನ ಫುಟ್‌ಬಾಲ್ ಅಂದರೆ ಪ್ರಾಣ. ಆದರೆ ನವೆಂಬರ್ ಕೊನೆಗೆ ಓಹಾಯೋ ಸ್ಟೇಟ್ ಜೊತೆ ಮ್ಯಾಚ್ ಇದ್ದ ದಿನ ಮಾತ್ರ ಟೀವಿ ಹಾಕುವುದಿಲ್ಲ. ತಾನು ನೋಡಿದರೆ ಸೋಲುತ್ತಾರೆ ಅನ್ನುವ ನಂಬಿಕೆ. (ಇಂಥದ್ದೆಲ್ಲ ನಮ್ಮೂರಲ್ಲಿ ಮಾತ್ರ ಅಂದುಕೊಂಡಿದ್ದೆ.) ಅಂಗಳದಲ್ಲಿ ಒಣಗಿದ ಎಲೆ ಗುಡಿಸುತ್ತಾ ಇರುತ್ತಾರೆ. ಮ್ಯಾಚ್ ಮುಗಿದ ಮೇಲೆ ನನ್ನನ್ನು ಕರೆಯುತ್ತಾರೆ. ಗೆದ್ದರಾ ಅಂತ ಕೇಳುವುದಿಲ್ಲ. "ಎಷ್ಟು ಬಿಟ್ಟುಕೊಟ್ಟರು?" ಅಂತ ಕೇಳುತ್ತಾರೆ.

2018ರಲ್ಲಿ ನಾನು ಕೊಟ್ಟ ಉತ್ತರ 62 ಪಾಯಿಂಟ್. 2019ರಲ್ಲಿ 56. ಎರಡನೇ ಸಲ ಹೇಳುವಾಗ ನನಗೇ ನಾಚಿಕೆಯಾಯಿತು, ಏನೋ ನಾನೇ ಬಿಟ್ಟುಕೊಟ್ಟ ಹಾಗೆ.

ಇದೆಲ್ಲ ಈಗ ಯಾಕೆ ನೆನಪಾಯಿತು ಅಂದರೆ, ಮೊನ್ನೆ ಇಲ್ಲಿನ ನಾಲ್ಕೈದು ಕನ್ನಡದ ಮನೆಯವರು ಊಟಕ್ಕೆ ಸೇರಿದ್ದೆವು. ಅದೇ ಹಳೇ ಜಗಳ ಶುರುವಾಯಿತು. 2021ರಲ್ಲಿ ಮಿಷಿಗನ್ ಡಿಫೆನ್ಸ್ ಇದ್ದಕ್ಕಿದ್ದಂತೆ ಹೇಗೆ ಗಟ್ಟಿಯಾಯಿತು? ಒಬ್ಬರು ಆ ಡಿಫೆನ್ಸ್‌ನ ದೊಡ್ಡ ಆಟಗಾರನ ಹೆಸರು ಹೇಳಿ "ಏಯ್ಡನ್ ಹಚಿನ್ಸನ್, ಇನ್ನೇನು" ಅಂದರು. ಇನ್ನೊಬ್ಬರು "ಹುಡುಗರಿಗೆ ಛಲ ಬಂತು" ಅಂದರು. ನನಗೆ ಎರಡೂ ಪೂರ್ತಿ ಒಪ್ಪಿಗೆಯಾಗಲಿಲ್ಲ. ಆದರೆ ಬಾಯಿ ತುಂಬ ಬಿಸಿಬೇಳೆಬಾತ್ ಇತ್ತು, ಹೇಳಲಾಗಲಿಲ್ಲ. ಇಲ್ಲಿ ಹೇಳುತ್ತೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಇದು ನಮ್ಮ ಕಾಲ್ಚೆಂಡಲ್ಲ, ಮೊಟ್ಟೆ ಆಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಚೆಂಡು ಇರುವ ತಂಡಕ್ಕೆ ನಾಲ್ಕು ಅವಕಾಶ, ಅಷ್ಟರಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಮೈದಾನದ ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್. ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಎಸೆಯುವ ಮೊದಲೇ ಅವನನ್ನು ಕೆಡವಿದರೆ ಅದು ಸ್ಯಾಕ್. ಡಿಫೆನ್ಸ್ ಮುಂದೆ ಯಾವಾಗಲೂ ಇರುವ ಪ್ರಶ್ನೆ ಒಂದೇ. ಹನ್ನೊಂದು ಜನರಲ್ಲಿ ಎಷ್ಟು ಜನ ಅವನ ಮೇಲೆ ನುಗ್ಗಬೇಕು, ಎಷ್ಟು ಜನ ಹಿಂದೆ ನಿಂತು ಕಾಯಬೇಕು?

ಡಾನ್ ಬ್ರೌನ್ ಅವರ ಉತ್ತರ: ನುಗ್ಗಿ. 2016ರಿಂದ 2020ರವರೆಗೆ ಮಿಷಿಗನ್ ಡಿಫೆನ್ಸ್ ನೋಡಿಕೊಂಡವರು ಅವರೇ. 'ಡಾಕ್ಟರ್ ಬ್ಲಿಟ್ಜ್' ಅಂತ ಅಡ್ಡಹೆಸರು, ಬ್ಲಿಟ್ಜ್ ಅಂದರೆ ಈ ನುಗ್ಗಾಟವೇ. ಐದು, ಆರು ಜನ ಒಟ್ಟಿಗೆ ನುಗ್ಗುವುದು, ಹಿಂದೆ ಉಳಿದವರು ಒಬ್ಬೊಬ್ಬರು ಒಬ್ಬೊಬ್ಬನನ್ನು ನೆರಳಿನ ಹಾಗೆ ಹಿಂಬಾಲಿಸುವುದು. ಅವರನ್ನು ದಡ್ಡರು ಅಂತ ಬೈಯುವವರು ಜಾಸ್ತಿ, ಅದು ಅನ್ಯಾಯ. 2018ರಲ್ಲಿ ಕೊನೆಯ ಮ್ಯಾಚಿಗೆ ಹೋಗುವಾಗ ಎದುರಾಳಿಗೆ ಗಜ ಬಿಟ್ಟುಕೊಡುವುದರಲ್ಲಿ ಇಡೀ ದೇಶದಲ್ಲೇ ಅತಿ ಜಿಪುಣ ಡಿಫೆನ್ಸ್ ಅವರದ್ದು. ಆಮೇಲೆ ಓಹಾಯೋ ಸ್ಟೇಟ್ ಬಂತು. ಅವರ ರಿಸೀವರ್‌ಗಳು, ಅಂದರೆ ಎಸೆದ ಚೆಂಡು ಹಿಡಿಯುವವರು, ನೇರ ಓಡಲಿಲ್ಲ. ಮೈದಾನಕ್ಕೆ ಅಡ್ಡಡ್ಡ ಓಡಿದರು, ಒಬ್ಬರನ್ನೊಬ್ಬರು ಕತ್ತರಿಯ ಹಾಗೆ ದಾಟಿಕೊಂಡು. ಹಿಂಬಾಲಿಸುವವರು ಆ ಗುಂಪಿನಲ್ಲಿ ಸಿಕ್ಕಿಕೊಂಡು ಎರಡು ಹೆಜ್ಜೆ ಹಿಂದೆ ಬಿದ್ದರು. ಆ ವೇಗದ ಹುಡುಗರ ಎದುರು ಎರಡು ಹೆಜ್ಜೆ ಅಂದರೆ ಮುಗಿಯಿತು. ಅವರ ಕ್ವಾರ್ಟರ್‌ಬ್ಯಾಕ್ ಡ್ವೇನ್ ಹ್ಯಾಸ್ಕಿನ್ಸ್ 396 ಗಜ ಎಸೆದ, ಆರು ಟಚ್‌ಡೌನ್. ಬೇಕಾದ ಹೊತ್ತಿಗೆ ಕೈಕೊಡುವ ಕರ್ಣನ ಅಸ್ತ್ರದ ಹಾಗಾಯಿತು ಆ ವಿದ್ಯೆ.

ನನಗೆ ಇದು ಬೇಗ ಅರ್ಥವಾಗಿದ್ದಕ್ಕೆ ಕಾರಣ ಕಬಡ್ಡಿ. ಹೈಸ್ಕೂಲಿನಲ್ಲಿ ನಾನು ಲೆಫ್ಟ್ ಕಾರ್ನರ್. ರೈಡರ್ ಬಂದ ತಕ್ಷಣ ಅವನ ಪಾದಕ್ಕೆ ಡೈವ್ ಹೊಡೆಯುವುದು ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ಹೋಬಳಿ ಮಟ್ಟದಲ್ಲಿ ನಾನೇ ಹೀರೋ. ತಾಲೂಕು ಮಟ್ಟಕ್ಕೆ ಹೋದಾಗ ಒಬ್ಬ ರೈಡರ್ ಸುಮ್ನೆ ಕಾಲು ಮುಂದಿಟ್ಟು ಹಿಂದೆಳೆದುಕೊಂಡ. ನಾನು ಮಣ್ಣು ಹಿಡಿದೆ, ಅವನು ಬೆನ್ನು ಮುಟ್ಟಿ ನಡೆದುಕೊಂಡೇ ವಾಪಸ್ ಹೋದ. ಮೂರು ಸಲ. ಮುಂದಿನ ವರ್ಷ ಬಂದ ಪಿ.ಟಿ. ಮೇಷ್ಟ್ರು ಒಂದೇ ಮಾತು ಹೇಳಿದ್ದು. "ಲೋ, ನೀನು ಯಾವಾಗ ಹಾರ್ತೀಯ ಅಂತ ಅವನಿಗೆ ಗೊತ್ತಾಗಬಾರದು ಕಣೋ."

2020 ಬಂತು. ಕೋವಿಡ್ ವರ್ಷ, ಖಾಲಿ ಸ್ಟೇಡಿಯಂ, ಆರೇ ಮ್ಯಾಚ್. ಎರಡು ಗೆಲುವು, ನಾಲ್ಕು ಸೋಲು. ವಿಸ್ಕಾನ್ಸಿನ್‌ಗೆ 49 ಕೊಟ್ಟರು. ರಟ್‌ಗರ್ಸ್ ಎದುರು 42 ಕೊಟ್ಟೂ ಮೂರನೇ ಓವರ್‌ಟೈಮ್‌ನಲ್ಲಿ ಹೇಗೋ ಗೆದ್ದರು. ಲೆಕ್ಕ ಹಾಕಿದರೆ ಮ್ಯಾಚಿಗೆ 34.5 ಪಾಯಿಂಟ್. ಹಚಿನ್ಸನ್ ಮೂರನೇ ಮ್ಯಾಚಿನಲ್ಲೇ ಕಾಲು ಮುರಿದುಕೊಂಡು ಹೊರಗೆ ಕೂತ. ಓಹಾಯೋ ಸ್ಟೇಟ್ ಮ್ಯಾಚ್ ನಡೆಯಲೇ ಇಲ್ಲ. ಅಜ್ಜನಿಗೆ ಆ ವರ್ಷ ಅದೇ ದೊಡ್ಡ ಸಮಾಧಾನ.

ಆಗ ಎಲ್ಲರ ಬಾಯಲ್ಲೂ ಒಂದೇ ಮಾತು. ಹುಡುಗರಲ್ಲಿ ದಮ್ ಇಲ್ಲ. ಹೆಡ್ ಕೋಚ್ ಜಿಮ್ ಹಾರ್ಬಾ ಅವರನ್ನು ಮನೆಗೆ ಕಳಿಸಿ. ಯೂನಿವರ್ಸಿಟಿ ಕಳಿಸಲಿಲ್ಲ, ಸಂಬಳ ಕಡಿಮೆ ಮಾಡಿ ಹೊಸ ಕರಾರು ಕೊಟ್ಟಿತು. ಹಾರ್ಬಾ ಅವರು ಡಾನ್ ಬ್ರೌನ್ ಅವರನ್ನು ಬಿಟ್ಟು ಮೈಕ್ ಮೆಕ್‌ಡೊನಾಲ್ಡ್ ಅವರನ್ನು ಕರೆತಂದರು. ವಯಸ್ಸು 33. ಅದಕ್ಕೂ ಮೊದಲು ಒಂದು ದಿನವೂ ಡಿಫೆನ್ಸಿವ್ ಕೋಆರ್ಡಿನೇಟರ್, ಅಂದರೆ ಇಡೀ ಡಿಫೆನ್ಸ್ ನೋಡಿಕೊಳ್ಳುವ ಕೋಚ್, ಆಗಿದ್ದವರಲ್ಲ. ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಬಾಲ್ಟಿಮೋರ್ ರೇವನ್ಸ್ ತಂಡದಲ್ಲಿ ಲೈನ್‌ಬ್ಯಾಕರ್‌ಗಳ (ಡಿಫೆನ್ಸ್‌ನ ನಡುಸಾಲಿನವರ) ಕೋಚ್, ಅಲ್ಲಿನ ಹೆಡ್ ಕೋಚ್ ಜಿಮ್ ಅವರ ಅಣ್ಣ ಜಾನ್ ಹಾರ್ಬಾ. "ಅಣ್ಣ ಹೇಳಿದ, ತಮ್ಮ ಇಟ್ಟುಕೊಂಡ" ಅಂತ ನಾನೂ ನಕ್ಕವನೇ. ಕೆಂಟಕಿಯಿಂದ ಸ್ಟೀವ್ ಕ್ಲಿಂಕ್‌ಸ್ಕೇಲ್, ಮೇರಿಲ್ಯಾಂಡ್‌ನಿಂದ ಜಾರ್ಜ್ ಹೀಲೋ ಬಂದರು. ಹೈಸ್ಕೂಲ್ ತಂಡ ನೋಡಿಕೊಳ್ಳುತ್ತಿದ್ದ ರಾನ್ ಬೆಲ್ಲಮಿ ಸೇಫ್ಟಿಗಳ (ಎಲ್ಲರಿಗಿಂತ ಹಿಂದೆ ಕಾಯುವವರ) ಕೋಚ್ ಆದರು. ಡಿಫೆನ್ಸ್ ಕಡೆಯ ಹಳಬರಲ್ಲಿ ಉಳಿದವರು ಶಾನ್ ನುವಾ.

ಹೊಸಬರು ಮಾಡಿದ್ದೇನು? ನುಗ್ಗುವುದನ್ನು ಕಡಿಮೆ ಮಾಡಿದರು. ಗಟ್ಟಿಯಾಗಿದ್ದು ಅದರಿಂದಲೇ. ಚೆಂಡು ಆಟಕ್ಕೆ ಬರುವ ಮುಂಚೆ ಆರು ಜನ ಮುಂದೆ ಬಂದು ನಿಲ್ಲುತ್ತಾರೆ, ಎಲ್ಲರೂ ಬರುವವರ ಹಾಗೆ. ಎದುರಾಳಿ ಆರು ಜನಕ್ಕೂ ತಯಾರಿ ಮಾಡಿಕೊಳ್ಳುತ್ತಾನೆ. ಚೆಂಡು ಕೈಗೆ ಬಂದ ಕ್ಷಣ ಇಬ್ಬರು ಹಿಂದಕ್ಕೆ ಸರಿಯುತ್ತಾರೆ. ಬರುವುದು ನಾಲ್ಕೇ ಜನ. ಆದರೆ ಯಾವ ನಾಲ್ಕು ಅಂತ ಕ್ವಾರ್ಟರ್‌ಬ್ಯಾಕ್‌ಗೆ ಗೊತ್ತಿಲ್ಲ. ಉಳಿದ ಏಳು ಜನ ಯಾರ ಬೆನ್ನೂ ಹತ್ತದೆ ತಮ್ಮ ತಮ್ಮ ಜಾಗ ಕಾಯುತ್ತಾರೆ. ಅಡ್ಡಡ್ಡ ಓಡುವ ಆ ರಿಸೀವರ್ ಈಗ ಯಾರನ್ನು ತಪ್ಪಿಸಿಕೊಂಡು ಓಡಬೇಕು? ಓಡಿದ ಕಡೆಯೆಲ್ಲ ಒಬ್ಬ ನಿಂತಿದ್ದಾನೆ. ನಮ್ಮ ಪಿ.ಟಿ. ಮೇಷ್ಟ್ರು ನೋಡಿದ್ದರೆ ಮೀಸೆಯಡಿಯಲ್ಲಿ ನಗುತ್ತಿದ್ದರು.

ಹಚಿನ್ಸನ್ ವಿಷಯಕ್ಕೆ ಬರುತ್ತೇನೆ. ಅಪ್ಪಟ ಚಿನ್ನ ಆ ಹುಡುಗ, ಅನುಮಾನವಿಲ್ಲ. ಆದರೆ 2019ರಲ್ಲೂ ಅವನಿದ್ದ, ಪೂರ್ತಿ ಸೀಸನ್‌ಗೆ 4.5 ಸ್ಯಾಕ್. ಹೊಸ ಕೋಚ್ ಕೈಯಲ್ಲಿ 14. ಕಾಲೇಜಿನ ದಾಖಲೆ ಅದು. 1992ರಲ್ಲಿ ಅವನ ಅಪ್ಪ ಕ್ರಿಸ್ ಹಚಿನ್ಸನ್ ಇದೇ ಕಾಲೇಜಿಗೆ ಆಡಿ 11 ಸ್ಯಾಕ್ ಮಾಡಿದ್ದರು. ಮಗ ಅಪ್ಪನನ್ನೇ ದಾಟಿದ. ಮೊದಲು ಕೈ ನೆಲಕ್ಕೂರಿ ಬಗ್ಗಿ ಹೊರಡುತ್ತಿದ್ದವನನ್ನು ಈಗ ಅಂಚಿನಲ್ಲಿ ನೆಟ್ಟಗೆ ನಿಲ್ಲಿಸಿದರು, ಮೈದಾನ ನೋಡಿಕೊಂಡು ಬರಲಿ ಅಂತ. ಇನ್ನು ಡೇವಿಡ್ ಓಜಾಬೊ. ನೈಜೀರಿಯಾದಲ್ಲಿ ಹುಟ್ಟಿ ಸ್ಕಾಟ್ಲೆಂಡ್‌ನ ಅಬರ್ಡೀನ್‌ನಲ್ಲಿ ಬೆಳೆದವನು. ಹೈಸ್ಕೂಲಿಗೆ ನ್ಯೂಜೆರ್ಸಿಗೆ ಬಂದ ಮೇಲೆ ಈ ಆಟ ಕಲಿತದ್ದು. 2020ರಲ್ಲಿ ಅವನ ಹೆಸರೇ ಕೇಳಿರಲಿಲ್ಲ ನಾವು. 2021ರಲ್ಲಿ 11 ಸ್ಯಾಕ್. ದಮ್ ಇಲ್ಲದ ಹುಡುಗರು ಅಂದಿದ್ದು ಇವರನ್ನೇ ಅಲ್ವಾ? ದಮ್ ಇತ್ತು. ಅವರಿಗೆ ಕೊಟ್ಟಿದ್ದ ಕೆಲಸ ಸರಿಯಿರಲಿಲ್ಲ.

ಎಲ್ಲ ನಯವಾಗಿ ನಡೆಯಿತು ಅಂತಲ್ಲ. ಅಕ್ಟೋಬರ್ 30, ಮಿಷಿಗನ್ ಸ್ಟೇಟ್ ಎದುರು 30-14 ಮುಂದಿದ್ದು 37-33ಕ್ಕೆ ಸೋತರು. ಅವರ ಕೆನೆತ್ ವಾಕರ್ ಒಬ್ಬನೇ ಐದು ಟಚ್‌ಡೌನ್ ಹೊಡೆದ. ನಮ್ಮವರು ಆಟಗಾರರನ್ನು ಬದಲಾಯಿಸಲು ಒಳಗೆ ಹೊರಗೆ ಓಡುತ್ತಿರುವಾಗಲೇ ಅವರು ಆಟ ಶುರು ಮಾಡಿಬಿಡುತ್ತಿದ್ದರು. ಜಾಣತನ ಜಾಸ್ತಿಯಾದಾಗ ಆಗುವ ಎಡವಟ್ಟು ಅದು. ಆ ರಾತ್ರಿ ನಾನು ಅಜ್ಜನ ಕಣ್ಣಿಗೆ ಬೀಳದ ಹಾಗೆ ಕಸದ ಡಬ್ಬಿ ಹೊರಗಿಟ್ಟು ಬಂದೆ.

ಈ ಕಥೆಗೆ ಅಂಟಿದ ಕಲೆಯನ್ನೂ ಹೇಳಿಬಿಡಬೇಕು. ಮಿಷಿಗನ್‌ನ ಸಿಬ್ಬಂದಿಯೊಬ್ಬರು 2021ರಿಂದ 2023ರವರೆಗೆ ಮುಂದಿನ ಎದುರಾಳಿಗಳ ಮ್ಯಾಚುಗಳಿಗೆ ಜನ ಕಳಿಸಿ, ಯಾವ ಆಟ ಆಡಬೇಕು ಅಂತ ಅವರ ಕೋಚ್‌ಗಳು ಮಾಡುವ ಕೈಸನ್ನೆಗಳನ್ನು ವಿಡಿಯೋ ಮಾಡಿಸಿದ್ದು ಆಮೇಲೆ ಹೊರಬಂತು. 2025ರಲ್ಲಿ ಕಾಲೇಜು ಕ್ರೀಡೆಯ ಆಡಳಿತ ಸಂಸ್ಥೆ ದಂಡ ಹಾಕಿತು. ಎದುರಾಳಿಯ ಸನ್ನೆ ಗೊತ್ತಾದರೆ ಹೆಚ್ಚು ಲಾಭ ಡಿಫೆನ್ಸ್‌ಗೇ. ಅದಕ್ಕೇ ಇದನ್ನು ನುಂಗಿಕೊಂಡು ನಾನು ಈ ಡಿಫೆನ್ಸನ್ನು ಹೊಗಳಿದರೆ ಅದು ಸುಳ್ಳಾಗುತ್ತದೆ. ಎಷ್ಟು ಪಾಲು ಇದರದ್ದು, ಎಷ್ಟು ಪಾಲು ಕೋಚಿಂಗ್‌ದು ಅಂತ ತಕ್ಕಡಿಯಲ್ಲಿ ತೂಗುವುದು ಕಷ್ಟ. ಆ ಮನುಷ್ಯ 2023ರ ನವೆಂಬರ್‌ನಲ್ಲಿ ರಾಜೀನಾಮೆ ಕೊಟ್ಟ ಮೇಲೂ ಅದೇ ಡಿಫೆನ್ಸ್ ಫೈನಲ್‌ನಲ್ಲಿ ವಾಷಿಂಗ್ಟನ್‌ಗೆ 13 ಮಾತ್ರ ಕೊಟ್ಟು ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಅಷ್ಟರಲ್ಲಿ ಮೆಕ್‌ಡೊನಾಲ್ಡ್ ಬಾಲ್ಟಿಮೋರ್‌ಗೆ ಮರಳಿಯಾಗಿತ್ತು, ಜಾಗದಲ್ಲಿದ್ದವರು ಜೆಸ್ಸಿ ಮಿಂಟರ್. ಅವರೂ ರೇವನ್ಸ್‌ನಲ್ಲೇ ಪಳಗಿದವರು. ನನ್ನ ತಕ್ಕಡಿ ಕೋಚಿಂಗ್ ಕಡೆಗೇ ವಾಲುತ್ತದೆ. ಒಪ್ಪದವರು ಕಾಮೆಂಟಿನಲ್ಲಿ ಬೈಯಬಹುದು.

ಈಗ ನವೆಂಬರ್ 27, 2021. ಬೆಳಿಗ್ಗೆಯಿಂದ ಹಿಮ. ಹಿಂದಿನ ವಾರವಷ್ಟೇ ಓಹಾಯೋ ಸ್ಟೇಟ್, ನಮ್ಮನ್ನು ಸೋಲಿಸಿದ್ದ ಮಿಷಿಗನ್ ಸ್ಟೇಟ್‌ಗೆ 56-7 ಬಾರಿಸಿತ್ತು. ಕ್ವಾರ್ಟರ್‌ಬ್ಯಾಕ್ ಸಿ.ಜೆ. ಸ್ಟ್ರೌಡ್. ರಿಸೀವರ್‌ಗಳು ಒಲಾವೆ, ವಿಲ್ಸನ್, ಸ್ಮಿತ್-ಎನ್‌ಜಿಗ್ಬಾ. ಮೂವರೂ ಆಮೇಲೆ ಮೊದಲ ಸುತ್ತಿನಲ್ಲೇ ಎನ್‌ಎಫ್‌ಎಲ್‌ಗೆ ಹೋದವರು. ಸ್ಟ್ರೌಡ್ ಅವತ್ತು 394 ಗಜ ಎಸೆದ, 2018ರ ಡ್ವೇನ್ ಹ್ಯಾಸ್ಕಿನ್ಸ್‌ಗಿಂತ ಬರೀ ಎರಡು ಗಜ ಕಡಿಮೆ. ಆದರೆ ಟಚ್‌ಡೌನ್ ಪಾಸ್ ಎರಡೇ. ಚಿಕ್ಕ ಚಿಕ್ಕ ಪಾಸ್ ಬಿಟ್ಟುಕೊಟ್ಟರು, ಮನೆ ಬಾಗಿಲು ಬಿಡಲಿಲ್ಲ. ಹಚಿನ್ಸನ್ ಮೂರು ಸಲ ಸ್ಟ್ರೌಡ್‌ನನ್ನು ಹಿಮದಲ್ಲಿ ಮಲಗಿಸಿದ. ಚೆಂಡು ನಮ್ಮ ಕೈಗೆ ಬಂದಾಗ ನಮ್ಮ ಹಸನ್ ಹ್ಯಾಸ್ಕಿನ್ಸ್ (ಹೆಸರು ಮಾತ್ರ ಅದೇ) ಐದು ಟಚ್‌ಡೌನ್ ಓಡಿದ. ಒಂದು ಲಕ್ಷಕ್ಕೂ ಮೇಲೆ ಜನ, ಮುಗಿಯುತ್ತಿದ್ದಂತೆ ಮೈದಾನಕ್ಕೇ ನುಗ್ಗಿದರು.

ನಮ್ಮ ಮನೆಯಲ್ಲಿ ಮಗ ಸೋಫಾ ಮೇಲೆ ಕುಣಿಯುತ್ತಿದ್ದ. "ಯಾರಾದರೂ ಬಿದ್ದರಾ?" ಅಂತ ಹೆಂಡತಿ ಮಹಡಿಯಿಂದ ಇಳಿದು ಬಂದಳು. ನಾನು ಜಾಕೆಟ್ ಹಾಕಿಕೊಂಡು ಹೊರಗೆ ಹೋದೆ. ಗುಡಿಸಲು ಎಲೆ ಇರಲಿಲ್ಲ, ಎಲ್ಲ ಹಿಮದಡಿ. ಅಜ್ಜ ಸಲಿಕೆ ಹಿಡಿದು ಅದಾಗಲೇ ಎತ್ತಿ ಹಾಕಿದ್ದ ಹಿಮವನ್ನೇ ಇನ್ನೊಂದು ಕಡೆಗೆ ಎತ್ತಿ ಹಾಕುತ್ತಿದ್ದರು. ನಮ್ಮ ಮನೆಯ ಕೂಗು ಅವರಿಗೆ ಕೇಳಿಸದೇ ಇರಲು ಸಾಧ್ಯವೇ ಇಲ್ಲ. ಆದರೂ ತಲೆ ಎತ್ತದೆ ಕೇಳಿದರು.

"ಎಷ್ಟು ಬಿಟ್ಟುಕೊಟ್ಟರು?"

"ಇಪ್ಪತ್ತೇಳು."

ಸಲಿಕೆಯನ್ನು ಗೋಡೆಗೆ ಒರಗಿಸಿದರು. "ಇನ್ನೊಂದು ಸಲ ಹೇಳಪ್ಪ" ಅಂದರು.