ಹತ್ತು ನಿಮಿಷದ ಕೆಲಸಕ್ಕೆ ಎರಡು ವರ್ಷ

ಈಗಷ್ಟೇ ಮೈಸೂರಿಂದ ಮಂಡ್ಯಕ್ಕೆ ಬಂದು ಇಳಿದೆ. ಕಾಫಿ ಕೂಡ ಕುಡಿದಿಲ್ಲ, ಅಷ್ಟು ತಲೆ ಕೆಟ್ಟಿದೆ.

ಅಕ್ಕನ ಮಗನ ಕಥೆ ನಿಮಗೆಲ್ಲ ಗೊತ್ತು. 11 ವರ್ಷ, ಕ್ರೋನ್ಸ್ ಕಾಯಿಲೆ, ಅಂದರೆ ಕರುಳಿನಲ್ಲಿ ವರ್ಷಗಟ್ಟಲೆ ಕಾಡುವ ಉರಿಯೂತ. ಇವನಿಗೆ ಸಣ್ಣ ಕರುಳಿನ ತುದಿಯಲ್ಲಿ. ಇವತ್ತು ಹೊಸ ಡಾಕ್ಟರ್ ಹೊಟ್ಟೆಗೆ ಜೆಲ್ ಹಚ್ಚಿ ಅಲ್ಟ್ರಾಸೌಂಡ್ ಮಾಡಿದರು. "ತಣ್ಣಗಿದೆ ಮಾವ" ಅಂತ ನಕ್ಕ. ಬಲಗಡೆ ಕೆಳಹೊಟ್ಟೆಯಲ್ಲಿ ಪ್ರೋಬ್ ಒತ್ತಿ ಕರುಳಿನ ಗೋಡೆ ಅಳೆದರು. 4 ಮಿಲಿಮೀಟರ್ ದಾಟಿತ್ತು. ಮಕ್ಕಳಿಗೆ 3 ದಾಟಿದರೇ ಅನುಮಾನ ಪಡಬೇಕಂತೆ. ರಕ್ತದ ಹರಿವು ತೋರಿಸುವ ಡಾಪ್ಲರ್ ಹಾಕಿದ ಕೂಡಲೇ ಅಲ್ಲೇ ಕೆಂಪು, ನೀಲಿ ಚುಕ್ಕೆಗಳು ಮಿಣಮಿಣ. ಉರಿಯೂತ ಇದ್ದ ಕಡೆ ರಕ್ತ ಜಾಸ್ತಿ ಹರಿಯುತ್ತದಲ್ವಾ, ಅದು. "ಇದು ನಂದಾ?" ಅಂತ ಹುಡುಗ ಕತ್ತೆತ್ತಿ ನೋಡಿದ.

ಹತ್ತೇ ನಿಮಿಷ. ಸೂಜಿ ಇಲ್ಲ, ಅರಿವಳಿಕೆ ಇಲ್ಲ, ವಿಕಿರಣ ಇಲ್ಲ.

ಮತ್ತೆ ಹಿಂದಿನ ಆಸ್ಪತ್ರೆಯಲ್ಲಿ ಎರಡು ವರ್ಷ ಯಾಕೆ ಮಾಡಲಿಲ್ಲ? ನೋವು ಜಾಸ್ತಿಯಾದಾಗಲೆಲ್ಲ ಸಿಟಿ ಸ್ಕ್ಯಾನ್, ಇಲ್ಲಾ ಗುದದ್ವಾರದಿಂದ ಕ್ಯಾಮೆರಾ ಕೊಳವೆ ತೂರಿಸಿ ನೋಡುವ ಕೊಲನೋಸ್ಕೋಪಿ. ಕೊಲನೋಸ್ಕೋಪಿಯ ಹಿಂದಿನ ದಿನ ಕರುಳು ಖಾಲಿ ಮಾಡೋಕೆ ಕಿತ್ತಳೆ ವಾಸನೆಯ ಪುಡಿ ಕಲಸಿದ ನೀರು ಜಗ್ಗುಗಟ್ಟಲೆ. ನಾಲ್ಕನೇ ಲೋಟಕ್ಕೆ ವಾಂತಿ. ಅಕ್ಕ ಬಚ್ಚಲಲ್ಲಿ ಅವನ ಹಣೆ ಹಿಡಿದು ತಾನೂ ಅಳುತ್ತಿದ್ದಳು. ಈಗಲೂ ಕಿತ್ತಳೆ ವಾಸನೆ ಬಂದರೆ ಹುಡುಗ ಎದ್ದು ಹೋಗುತ್ತಾನೆ.

ಡಾಕ್ಟರ್ ಗೆಳೆಯರು ಏನು ಹೇಳುತ್ತೀರಿ ಗೊತ್ತು. ಕ್ಷಯವೋ ಕ್ರೋನ್ಸೋ ತಿಳಿಯಲು ಒಳಗಿಂದ ತುಣುಕು ತೆಗೆದೇ ನೋಡಬೇಕು. ಗುದದ್ವಾರದ ಹತ್ತಿರದ ಕರುಳು ಸ್ಕ್ಯಾನಿಂಗಲ್ಲಿ ಸರಿಯಾಗಿ ಕಾಣುವುದಿಲ್ಲ. ಒಪ್ಪಿದೆ. ಮೊದಲ ಕೊಲನೋಸ್ಕೋಪಿಗೆ ನನ್ನ ತಕರಾರಿಲ್ಲ. ಆದರೆ ಔಷಧಿ ಹಿಡಿಸುತ್ತಿದೆಯಾ ಅಂತ ನಡುನಡುವೆ ನೋಡೋಕೆ ಅಲ್ಟ್ರಾಸೌಂಡ್ ಸಾಲದಾ? "ಇದಕ್ಕೆ ಕೈ ಪಳಗಿರಬೇಕು" ಅಂತಾರೆ. ಪಳಗಿಸಿಕೊಳ್ಳಿ ಸ್ವಾಮಿ! ಕಾವಲಿ ಮೇಲೆ ದೋಸೆ ಹುಯ್ಯೋಕೂ ಕೈ ಪಳಗಬೇಕು.

ಜನ ಬೇರೆ. 'ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ' ಬೋರ್ಡಿನ ಕೆಳಗೆ ಕೂತಿದ್ದಾಗ ಪಕ್ಕದ ಅಜ್ಜಿ, "ಗಂಡು ಹುಡ್ಗುಂಗೆ ಯಾಕಪ್ಪಾ ಸ್ಕ್ಯಾನಿಂಗು?" ಅಂದರು. ಅಜ್ಜಿಗೆ ಬಿಡಿ, ಗೊತ್ತಿಲ್ಲ. ಆಸ್ಪತ್ರೆಗೆ?

ನಾನೇನು ಕಮ್ಮಿಯಲ್ಲ. ಶುರುವಿನಲ್ಲಿ ಇವನು ಹೊಟ್ಟೆ ಹಿಡಿದು ಮುದುರಿದಾಗ "ಸ್ಕೂಲಿಗೆ ಹೋಗದೆ ಇರೋಕೆ ನಾಟಕ" ಅಂತ ಗದರಿದವನೇ ನಾನು. ಅವನ ಪಿ.ಟಿ. ಮೇಷ್ಟ್ರೂ ಅದನ್ನೇ ಅಂದಿದ್ದರು.

ಬರುವಾಗ ಬಸ್ಸಲ್ಲಿ ಸ್ಕ್ಯಾನಿಂಗ್ ಫೋಟೋ ಮಡಿಲಲ್ಲೇ ಇಟ್ಟುಕೊಂಡಿದ್ದ. ಶ್ರೀರಂಗಪಟ್ಟಣ ದಾಟಿದ ಮೇಲೆ ಕೇಳಿದ, "ಮಾವ, ಇದನ್ನ ಪಿ.ಟಿ. ಮೇಷ್ಟ್ರಿಗೆ ತೋರಿಸಲಾ?"