ಅರ್ಧ ದಾರಿಯಲ್ಲಿ ನಿಂತ ಆನೆ

ಕಸೂತಿ ಹಾಕುವವರಿಗೆ ಬಟ್ಟೆಯ ಮುಂಭಾಗಕ್ಕಿಂತ ಹಿಂಭಾಗದ ಭಯ ಜಾಸ್ತಿ. ಧಾರವಾಡದ ಕಡೆಯ ಹಿರಿಯ ಹೆಂಗಸರ ಕೈಗೆ ಒಂದು ಕಸೂತಿ ಬಟ್ಟೆ ಕೊಟ್ಟು ನೋಡಿ. ಮುಂದೆ ರಥ ಇದೆಯೋ ನವಿಲು ಇದೆಯೋ ಅಂತ ಕಣ್ಣೂ ಹಾಯಿಸುವುದಿಲ್ಲ. ಮೊದಲು ತಿರುವಿ ಹಾಕುತ್ತಾರೆ. ಅಲ್ಲಿ ಗಂಟು ಕಂಡಿತೋ, ನಿಮ್ಮ ಕಥೆ ಮುಗಿಯಿತು. ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ. ಗವಂತಿ, ಮುರಗಿ ಹೊಲಿಗೆಯಾದರೆ ಎರಡೂ ಬದಿ ಒಂದೇ ಥರ ಕಾಣಬೇಕು.

ಅದರಲ್ಲೂ ಈ ಗವಂತಿ ಇದೆಯಲ್ಲ, ಅದು ತಲೆಗೆ ಕೆಲಸ ಕೊಡುವ ಹೊಲಿಗೆ. ಬಟ್ಟೆಯ ಎಳೆ ಎಣಿಸಿಕೊಂಡು ಸೂಜಿ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಅಂತ ಹೊರಡುತ್ತದೆ. ಹೋಗುವಾಗ ಬಿಟ್ಟ ಜಾಗವನ್ನೆಲ್ಲ ಬರುವಾಗ ತುಂಬುತ್ತಾ, ಹೊರಟಲ್ಲಿಗೇ ವಾಪಸ್ ಬರಬೇಕು. ಬಟ್ಟೆ ಮೇಲೆ ಪೆನ್ಸಿಲ್ಲಿನಲ್ಲಿ ಗೆರೆ ಹಾಕಿಕೊಳ್ಳುವಂತೆಯೂ ಇಲ್ಲ. ಎಲ್ಲಿ ತಿರುಗಬೇಕು, ಯಾವ ಸಂದಿಯಲ್ಲಿ ಒಳಗೆ ಹೋಗಿ ಯಾವ ಕಡೆಯಿಂದ ಹೊರಗೆ ಬರಬೇಕು, ಎಲ್ಲ ನೆನಪಿನಲ್ಲೇ ಇರಬೇಕು.

ನನ್ನ ಆನೆ ಹೋಯಿತು. ಬರಲಿಲ್ಲ.

ದೊಡ್ಡ ಕಾರಣ ಏನೂ ಇಲ್ಲ. ತಂಗಿಯ ಗೃಹಪ್ರವೇಶಕ್ಕೆ ಅಂತ, ಎಳೆ ಎಣಿಸಲು ಸುಲಭವಾದ ಮ್ಯಾಟಿ ಬಟ್ಟೆಯಲ್ಲಿ ದಿಂಬಿನ ಕವರ್ ಶುರು ಮಾಡಿದ್ದೆ. ಸೂಜಿ ಸೊಂಡಿಲಿನ ತುದಿ ಮುಟ್ಟುವ ಹೊತ್ತಿಗೆ ಕೊರಿಯರ್‌ನವನು ಬೆಲ್ ಹೊಡೆದ. ಎದ್ದೆ. ಆಮೇಲೆ ಕೂರಲೇ ಇಲ್ಲ. ಗೃಹಪ್ರವೇಶಕ್ಕೆ ಹಾಟ್‌ಬಾಕ್ಸ್ ಕೊಟ್ಟು, ಹೋಳಿಗೆ ಊಟ ಮಾಡಿ ಬಂದೆ. ಸೂಜಿ ಮಾತ್ರ ಸೊಂಡಿಲಿನಲ್ಲೇ ಚುಚ್ಚಿಕೊಂಡು ಕೂತಿತ್ತು.

ಕೆಲವು ತಿಂಗಳ ನಂತರ ಬಟ್ಟೆ ಕೈಗೆತ್ತಿಕೊಂಡರೆ ಆನೆಯೇ ಇಲ್ಲ! ಬರೀ ಚಿಕ್ಕ ಚಿಕ್ಕ ಗೀಟುಗಳು. ದಾರಿ ಪೂರ್ತಿ ಮರೆತುಹೋಗಿತ್ತು. "ಮಿಕ್ಸಿನಾ?" ಅಂದರು ನಮ್ಮವರು. ಮಗ ಸ್ವಲ್ಪ ಹೊತ್ತು ನೋಡಿ, "ಅಮ್ಮಾ, ಇದು ಚುಕ್ಕಿ ಸೇರಿಸೋ ಆಟ ಅಲ್ವಾ? ನಂಬರ್ ಹಾಕೋದು ಮರ್ತಿದ್ದೀಯ" ಅಂದ.

ಕೈ ಓಡದೇ ಇದ್ದಾಗ ಕೈಗೆ ಕೆಲಸ ಕೊಡುವ ಬದಲು ಪರ್ಸಿಗೆ ಕೊಡುವುದು ನಮ್ಮಂಥ ಕಸೂತಿಯವರ ಹಳೇ ಚಾಳಿ. ಸೀದಾ ಚಿಕ್ಕಪೇಟೆಗೆ ಹೋದೆ. ಹೊಸ ದಾರ ನೋಡಿದರೆ ಹುರುಪು ಬರುತ್ತದೆ ಅಂತ ಆಂಕರ್ ದಾರದ ಲಡಿಗಳನ್ನು ಬಾಚಿಕೊಂಡು ಬಂದೆ. ಬಣ್ಣದ ಪ್ರಕಾರ ಡಬ್ಬಿಯಲ್ಲಿ ಜೋಡಿಸಿದೆ. ಆ ಡಬ್ಬಿಯ ಫೋಟೋ ತೆಗೆದೆ. ಫೋಟೋಗೆ ಬಂದ ಮೆಚ್ಚುಗೆ ಓದುತ್ತಾ ಮಲಗಿದೆ. ಹುರುಪು ಅಷ್ಟಕ್ಕೇ ಖರ್ಚಾಯಿತು.

"ಬೇರೆ ಏನಾದ್ರೂ ಮಾಡಿ ನೋಡ್ರೀ, ಮೂಡ್ ಬರುತ್ತೆ" ಅಂದರು ಪಕ್ಕದ ಮನೆಯವರು. ಅವರು ರೆಸಿನ್‌ನಲ್ಲಿ ಹೂವಿನ ಎಸಳು ಹಾಕಿ ಲೋಟದ ಕೆಳಗಿಡುವ ಬಿಲ್ಲೆ ಮಾಡುತ್ತಾರೆ. ನಾನೂ ಮಾಡಿದೆ. ಎರಡು ಬಾಟಲಿಯ ದ್ರವ ಅಳತೆ ಮಾಡಿ ಬೆರೆಸಬೇಕು, ಗುಳ್ಳೆ ಏಳದ ಹಾಗೆ ನಿಧಾನ ಕಲಕಬೇಕು, ಅಚ್ಚಿಗೆ ಹೊಯ್ದು ಗಟ್ಟಿಯಾಗಲು ರಾತ್ರಿಯಿಡೀ ಬಿಡಬೇಕು. ಎಲ್ಲ ಸರಿಯಾಗಿಯೇ ಆಯಿತು. ಬೆಳಿಗ್ಗೆ ನೋಡಿದರೆ ಗುಲಾಬಿ ಎಸಳಿನ ಪಕ್ಕದಲ್ಲಿ ಒಂದು ಸೊಳ್ಳೆ, ಕಾಲು ಚಾಚಿಕೊಂಡು, ಶಾಶ್ವತವಾಗಿ. ಗಾಜಿನಷ್ಟು ತಿಳಿಯಾಗಿ ಬಂದಿದ್ದರಿಂದ ಅದರ ಮೀಸೆಯೂ ಕಾಣುತ್ತಿತ್ತು. ಈಗ ಅದು ನಮ್ಮವರ ಕಾಫಿ ಲೋಟದ ಕೆಳಗಿದೆ. ಅವರಿಗೆ ಇನ್ನೂ ಹೇಳಿಲ್ಲ.

ಕೊನೆಗೆ ಕೆಲಸಕ್ಕೆ ಬಂದದ್ದು ಹುರುಪಲ್ಲ, ಹೊಟ್ಟೆಕಿಚ್ಚು.

ತವರಿಗೆ ಹೊರಟಿದ್ದೆ. ಹುಬ್ಬಳ್ಳಿ ಕಡೆಗೆ ಹೋಗುವ ಹಗಲು ರೈಲು. ತಿಂಡಿ ಹುಡುಕಲು ಬ್ಯಾಗಿಗೆ ಕೈ ಹಾಕಿದಾಗ ದಿಂಬಿನ ಕವರ್ ಹೊರಗೆ ಬಂತು. ಪಕ್ಕದ ಸೀಟಿನಲ್ಲಿ ಇಳಕಲ್ ಸೀರೆ ಉಟ್ಟ ಅಜ್ಜಿ ಒಬ್ಬರು ದಾವಣಗೆರೆಯಲ್ಲಿ ಹತ್ತಿ ಕೂತಿದ್ದರು.

"ತಾ ಇಲ್ಲೆ ಯವ್ವಾ" ಅಂದವರೇ ಬಟ್ಟೆ ಕಿತ್ತುಕೊಂಡರು. ತಿರುವಿ ಹಾಕಿದರು. "ಆನಿ ಏನಿದು? ಹೋಗೈತಿ, ತಿರುಗಿ ಬಂದೇ ಇಲ್ಲಲ್ಲ!"

ಅಷ್ಟು ದಿನ ಯಾರಿಗೂ ಕಾಣದ ಆನೆ ಅವರಿಗೆ ಹಿಂಭಾಗದಲ್ಲೇ ಕಂಡುಬಿಟ್ಟಿತು. ಕನ್ನಡಕ ಹಣೆಗೇರಿಸಿದರು. ಬೆರಳ ತುದಿಯಿಂದಲೇ ಎಳೆ ಎಣಿಸಿದರು. "ಈ ಕಾಲಾಗ ಒಂದ ಎಳಿ ಜಾಸ್ತಿ ಆಗೈತಿ. ಅದಕ್ಕ ಕುಂಟಾಕತ್ತೈತಿ" ಅಂತ ನನ್ನ ಕೇಳದೇ ಒಂದು ಕಾಲು ಬಿಚ್ಚಿದರು. ರೈಲು ಕುಲುಕುತ್ತಿತ್ತು, ಚುರುಮುರಿಯವನು ಕೂಗುತ್ತಾ ಹೋದ, ಎದುರಿನ ಮಗು ಅಳುತ್ತಿತ್ತು. ಅವರ ಸೂಜಿ ಮಾತ್ರ ಒಂದು ಎಳೆಯೂ ತಪ್ಪಲಿಲ್ಲ. ರಾಣೆಬೆನ್ನೂರು ಬರುವಷ್ಟರಲ್ಲಿ ಆನೆ ನೆಟ್ಟಗೆ ನಿಂತಿತ್ತು. ಆಮೇಲೆ ಹೊತ್ತು ಹೋಗದ್ದಕ್ಕೆ ಅದರ ಮೇಲೊಂದು ಅಂಬಾರಿಯನ್ನೂ ಹೊರಿಸಿದರು. ಹಾವೇರಿಯಲ್ಲಿ ಚೀಲ ಎತ್ತಿಕೊಂಡು, "ನಾ ಇಳೀತೇನಿ. ಉಳದದ್ದು ನೀ ಹಾಕ್ಕೋ" ಅಂದರು.

ಉಳಿದಿದ್ದು ಬಾಲ.

ಕೃತಜ್ಞತೆ ಹುಟ್ಟಬೇಕಿತ್ತು, ನಿಜ. ಆದರೆ ನನಗೆ ಬಂದದ್ದು ಸಿಟ್ಟು. ನನ್ನ ಬಟ್ಟೆ, ನನ್ನ ದಾರ, ನನ್ನ ಆನೆ. ಹುಬ್ಬಳ್ಳಿ ಮುಟ್ಟುವುದರೊಳಗೆ ಹಲ್ಲು ಕಚ್ಚಿಕೊಂಡು ಬಾಲ ಮುಗಿಸಿದೆ.

ಮನೆಯಲ್ಲಿ ಅವ್ವನ ಕೈಗೆ ಕೊಟ್ಟೆ. ಅವಳೂ ಮೊದಲು ತಿರುವಿಯೇ ನೋಡಿದಳು. "ಇಷ್ಟ ಚಂದ ಹಾಕೂದು ಯಾವಾಗ ಕಲ್ತಿ!" ಅಂದಳು. ನಾನು ಬಾಯಿ ಬಿಡಲಿಲ್ಲ. ಆಮೇಲೆ ಕಣ್ಣು ಕಿರಿದು ಮಾಡಿಕೊಂಡು ಕೇಳಿದಳು. "ಅಲ್ಲ, ಈ ಬಾಲ ಯಾರು ಹಾಕ್ಯಾರ?"

ಆ ರಾತ್ರಿಯೇ ಎರಡನೇ ಆನೆ ಶುರು ಮಾಡಿದೆ, ಮೊದಲನೆಯದಕ್ಕೆ ಎದುರಾಗಿ. ಅವ್ವ ಊಟಕ್ಕೆ ಕರೆದರೂ ಏಳಲಿಲ್ಲ. ಸೂಜಿ ಹೋಯಿತು, ಬಂತು. ಎಳೆ ತಪ್ಪಿದಲ್ಲಿ ಬಿಚ್ಚಿದೆ, ಮತ್ತೆ ಹಾಕಿದೆ. ಬೆಂಗಳೂರಿಗೆ ಬಂದ ಮೇಲೂ ಕೈ ನಿಂತಿಲ್ಲ. ಇದರ ಅಂಬಾರಿಗೆ ಆ ಅಜ್ಜಿಯ ಅಂಬಾರಿಗಿಂತ ಒಂದು ಕಳಸ ಜಾಸ್ತಿ ಇಟ್ಟಿದ್ದೇನೆ, ಬೇಕಂತಲೇ.

ಈಗ ಎರಡು ಆನೆಗಳ ನಡುವೆ ತುಳಸಿ ಕಟ್ಟೆ ಬರಬೇಕು. ಡಬ್ಬಿ ತೆಗೆದು ನೋಡಿದೆ. ಗುಲಾಬಿಯಲ್ಲೇ ಏಳೆಂಟು ಬಗೆ ಇದೆ, ನೇರಳೆ ಇದೆ, ಯಾವ ಕಾಲಕ್ಕೂ ಬೇಕಾಗದ ಬೂದಿ ಬಣ್ಣವೂ ಇದೆ. ಹಸಿರು ಮಾತ್ರ ಒಂದು ಲಡಿಯೂ ಇಲ್ಲ. ಚಿಕ್ಕಪೇಟೆಗೆ ಹೋಗಿಬರುತ್ತೇನೆ ಅಂದರೆ ನಮ್ಮವರು ನನ್ನ ಪರ್ಸ್ ಕಡೆ ನೋಡುತ್ತಿದ್ದಾರೆ.