'ಕೊಲಾಪ್ಸ್' ಬರೀ ಗಲಾಟೆ ಅಲ್ಲ

'ಕೊಲಾಪ್ಸ್' ಆಲ್ಬಂ ಕೇಳಿಸಿದಾಗಲೆಲ್ಲ ಗೆಳೆಯರು ಎರಡೇ ನಿಮಿಷಕ್ಕೆ ಹೆಡ್‌ಫೋನ್ ತೆಗೆದು ನನ್ನ ಕೈಗೆ ಕೊಟ್ಟುಬಿಡುತ್ತಾರೆ. "ಇದು ಸಂಗೀತನಾ? ಬರೀ ಗಲಾಟೆ" ಅಂತಾರೆ. ನನಗೆ ನಿಜಕ್ಕೂ ಬೇಜಾರಾಗುತ್ತದೆ. ಗಲಾಟೆ ಹೌದು, ಒಪ್ಪುತ್ತೇನೆ. ಆ 'ಬರೀ' ಅನ್ನುವ ಮಾತಿಗೆ ಮಾತ್ರ ನನ್ನ ತಕರಾರು.

ಇದು 1981ರ ಆಲ್ಬಂ. ತಂಡದ ಹೆಸರು ಐನ್‌ಸ್ಟ್ಯುರ್ಟ್ಸೆಂಡೆ ನಾಯ್‌ಬೌಟೆನ್, ಅಂದರೆ ಕುಸಿಯುತ್ತಿರುವ ಹೊಸ ಕಟ್ಟಡಗಳು. ಗೋಡೆಯೊಳಗೆ ಸಿಕ್ಕಿಕೊಂಡಿದ್ದ ಪಶ್ಚಿಮ ಬರ್ಲಿನ್‌ನಲ್ಲಿ 1980ರ ಏಪ್ರಿಲ್ 1ರಂದು ಇವರ ಮೊದಲ ಕಾರ್ಯಕ್ರಮ ನಡೆಯಿತು. ಮೇ 21ರಂದು ಅದೇ ಊರಿನ ಕಾಂಗ್ರೆಸ್ ಹಾಲ್ ಎಂಬ ಸಮ್ಮೇಳನ ಭವನದ ಚಾವಣಿಯ ಒಂದು ಭಾಗ ಕುಸಿದು ಬಿತ್ತು. ಅದನ್ನು ಕಟ್ಟಿ ಇನ್ನೂ 23 ವರ್ಷ ಆಗಿತ್ತು ಅಷ್ಟೇ.

ಕೈಯಲ್ಲಿ ಕಾಸಿರಲಿಲ್ಲ. ತಂಡದ ಎನ್. ಯು. ಉನ್ರೂ ತನ್ನ ಡ್ರಮ್ ಸೆಟ್ ಮಾರಿ, ಗುಜರಿ ಕಬ್ಬಿಣದಿಂದ ವಾದ್ಯ ಮಾಡಿಕೊಂಡ. ಅದೇ ಜೂನ್‌ನಲ್ಲಿ ಅವನೂ ಗಾಯಕ ಬ್ಲಿಕ್ಸಾ ಬಾರ್ಗೆಲ್ಡ್‌ನೂ ಹೆದ್ದಾರಿ ಸೇತುವೆಯ ಹೊಟ್ಟೆಯೊಳಗೆ ನುಗ್ಗಿ ಅಲ್ಲೇ ರೆಕಾರ್ಡ್ ಮಾಡಿದರು. ಸೇತುವೆಯೇ ಅವರ ಡ್ರಮ್ ಆಯಿತು. ಮುಂದೆ ಎಫ್. ಎಂ. ಐನ್‌ಹೈಟ್ ಜೊತೆಯಾದ. ಮೂವರೂ ಸೇರಿ ಮಾಡಿದ್ದೇ 'ಕೊಲಾಪ್ಸ್'.

'ಶ್ಟೇ ಔಫ್ ಬರ್ಲಿನ್' ಹಾಡು ಡ್ರಿಲ್ ಮೆಷಿನ್ ಸದ್ದಿನಿಂದ ಶುರುವಾಗುತ್ತದೆ. ಹಲ್ಲು ಜುಮ್ಮೆನ್ನುತ್ತದೆ. ಸ್ವಲ್ಪ ತಡೆದುಕೊಳ್ಳಿ. ಹಿಂದೆಯೇ ಕಬ್ಬಿಣದ ಬಡಿತ ಬರುತ್ತದೆ. ಒಂದು ಪೆಟ್ಟು ಟಣ್ ಎಂದು ಗುಂಯ್‌ಗುಡುತ್ತದೆ, ಇನ್ನೊಂದು ದಪ್ ಎಂದು ಅಲ್ಲೇ ಸಾಯುತ್ತದೆ. ಯಾವ ತುಂಡು ಎಷ್ಟು ಹೊತ್ತು ಮೊಳಗುತ್ತದೆ ಅಂತ ಕಿವಿಗೊಟ್ಟು ಕೇಳಿದವರು ಮಾತ್ರ ಹೀಗೆ ಬಾರಿಸಬಲ್ಲರು. ಮೃದಂಗದವರು ಕರಣೆ, ಅಂದರೆ ಚರ್ಮದ ಮೇಲಿನ ಕಪ್ಪು ಲೇಪ, ನೋಡಿಕೊಳ್ಳುತ್ತಾರಲ್ಲ, ಇದೂ ಅದೇ ಶ್ರದ್ಧೆ. ಸುಮ್ನೆ ಸಿಟ್ಟಿಗೆ ಬಡಿದರೆ ಈ ಸದ್ದು ಹುಟ್ಟುವುದಿಲ್ಲ.

ಕವರಿನ ಹಿಂದಿನ ಫೋಟೋ ನೋಡಿದ್ದೀರಾ? ಬರ್ಲಿನ್‌ನ ಒಲಿಂಪಿಕ್ ಸ್ಟೇಡಿಯಂ ಮುಂದೆ ತಮ್ಮ ಉಪಕರಣಗಳನ್ನೆಲ್ಲ ನೆಲದ ಮೇಲೆ ಸಾಲಾಗಿ ಜೋಡಿಸಿ ನಿಂತಿದ್ದಾರೆ. ಇಂಗ್ಲೆಂಡಿನ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನವರು ತಮ್ಮ ದೊಡ್ಡ ದೊಡ್ಡ ಸಾಮಾನುಗಳನ್ನು ಹರಡಿ ತೆಗೆಸಿಕೊಂಡ ಫೋಟೋಗೆ ಇದು ಉತ್ತರ. ನಮ್ಮ ಬಳಿ ಇರೋದು ಇಷ್ಟೇ, ಇದರಲ್ಲೇ ಮಾಡ್ತೀವಿ ಅನ್ನೋ ಧೈರ್ಯ ನನಗೆ ತುಂಬ ಇಷ್ಟ.

ಕೇಳುವುದಿದ್ದರೆ ಮೊದಲ ಹಾಡಿನಿಂದ ಶುರು ಮಾಡಬೇಡಿ. ಆಲ್ಬಂ ಹೆಸರಿನದೇ ಹಾಡಿದೆ, ಸುಮಾರು ಎಂಟು ನಿಮಿಷದ್ದು. ನಿಧಾನವಾಗಿ ಕಾಲೆಳೆದುಕೊಂಡು ಸಾಗುತ್ತದೆ. ಅದನ್ನು ಹಾಕಿ, ಸೌಂಡ್ ಜಾಸ್ತಿ ಇಟ್ಟುಕೊಂಡು. ಹೆಡ್‌ಫೋನ್ ಮಾತ್ರ ಅರ್ಧಕ್ಕೆ ತೆಗೆಯಬೇಡಿ.